ಕುಳಿತಾಗ 130 ಇದ್ದ ಬಿಪಿ, ಭಾರ ತಳ್ಳಿದಾಗ 210

ಕಿಡ್ನಿ ತೊಂದರೆಯಿದ್ದು ಜಿಮ್ ಸೇರಲು ಹೊರಟವರು ದಯವಿಟ್ಟು ಇದನ್ನು ಓದಿ.

ನನಗೆ 48 ವರ್ಷ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಮೂರನೆಯ ಹಂತದಲ್ಲಿದೆ; ಇ-ಜಿಎಫ್‌ಆರ್ (ಕಿಡ್ನಿ ರಕ್ತವನ್ನು ಸೋಸುವ ವೇಗದ ಅಂದಾಜು) 45. ದಿನಕ್ಕೆರಡು ಮಾತ್ರೆಯಿಂದ ಬಿಪಿ 130/80ರ ಆಸುಪಾಸಿನಲ್ಲಿತ್ತು. ಬೆಳಿಗ್ಗೆ ಕಾಫಿಗೆ ಮೊದಲು ಕುರ್ಚಿಯಲ್ಲಿ ಕುಳಿತು ನೋಡಿಕೊಳ್ಳುತ್ತಿದ್ದ ಆ ಅಂಕಿಯನ್ನೇ ಪೂರ್ತಿ ನಂಬಿದ್ದೆ.

ಜಿಮ್‌ನ ಅರ್ಜಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಪ್ರಶ್ನೆಗಳಿದ್ದವು, ಕಿಡ್ನಿಯದಿರಲಿಲ್ಲ. ನಾನೂ ಹೇಳಲಿಲ್ಲ. ಎರಡನೆಯ ವಾರ ತರಬೇತುದಾರರು ಕಾಲಿನಿಂದ ಭಾರ ತಳ್ಳುವ ಯಂತ್ರದಲ್ಲಿ ಕೂರಿಸಿ, “ಇನ್ನೆರಡೇ ಸಲ ಸರ್, ಉಸಿರು ಬಿಗಿಹಿಡಿದು ತಳ್ಳಿ” ಎಂದರು. ತಳ್ಳಿದೆ. ಹಿಂದಲೆ ಸಿಡಿದುಹೋಗುವಂಥ ನೋವು. ಎದುರಿನ ಕನ್ನಡಿಯಲ್ಲಿ ನನ್ನ ಮುಖವೇ ಮಂಜಾಯಿತು. ಪಕ್ಕದ ಕ್ಲಿನಿಕ್‌ನಲ್ಲಿ, ಕಾಲು ಗಂಟೆ ಕಳೆದ ಮೇಲೂ, ಬಿಪಿ 210/114. ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದೆ.

ಕಿಡ್ನಿ ತಜ್ಞರು ಹೇಳಿದ್ದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ವ್ಯಾಯಾಮ ಮಾಡಿದರೆ ಎಲ್ಲರಿಗೂ ಮೇಲಿನ ಅಂಕಿ ಏರುತ್ತದೆ. ಆದರೆ ಮೂತ್ರಪಿಂಡ ಸೊರಗಿದವರಲ್ಲಿ ರಕ್ತನಾಳಗಳನ್ನು ಬಿಗಿಯುವ ನರಗಳು ಸುಮ್ಮನೆ ಕುಳಿತಾಗಲೇ ಅತಿಯಾಗಿ ಚುರುಕಾಗಿರುತ್ತವೆ. ದುಡಿಯುವ ಸ್ನಾಯುಗಳಿಂದ ಬರುವ ಸಂಕೇತಗಳು ಅವನ್ನು ಇನ್ನಷ್ಟು ಕೆರಳಿಸುತ್ತವೆ. ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಸಾಲುವುದಿಲ್ಲ, ಅಪಧಮನಿಗಳೂ ಗಡುಸಾಗಿರುತ್ತವೆ. ಹೀಗಾಗಿ ಅದೇ ಶ್ರಮಕ್ಕೆ ಆರೋಗ್ಯವಂತರಿಗಿಂತ ಬಿಪಿ ಹೆಚ್ಚು ಜಿಗಿಯಬಹುದು. ಉಸಿರುಕಟ್ಟಿ ತಿಣುಕುವುದು, ಮುಷ್ಟಿ ಬಿಗಿದು ಅಲುಗಾಡದೆ ನಿಲ್ಲುವುದು ಅದನ್ನು ಮತ್ತೂ ಏರಿಸುತ್ತವೆ. ವಿಶ್ರಾಂತಿಯ ಬಿಪಿ ನೋಡಿದರೆ ಇದಾವುದೂ ತಿಳಿಯುವುದಿಲ್ಲ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೈಕೈ ನೋವಿಗೆಂದು ನಾಲ್ಕು ದಿನ ಐಬುಪ್ರೊಫೆನ್ ನುಂಗಿದ್ದೆ. ಆ ಬಗೆಯ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ, ಉಪ್ಪನ್ನೂ ನೀರನ್ನೂ ದೇಹದಲ್ಲಿ ಉಳಿಸಿ ಬಿಪಿಯನ್ನೂ ಏರಿಸುತ್ತದೆ. ರಕ್ತದಲ್ಲಿ 1.8 ಇದ್ದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) 2.3 ಆಗಿತ್ತು. ಅದು ಇಳಿಯಲು ಐದು ವಾರ ಬೇಕಾಯಿತು.

ಹೆದರಿ ವ್ಯಾಯಾಮವನ್ನೇ ಬಿಡಬೇಡಿ. ವಾರಕ್ಕೆ 150 ನಿಮಿಷ ಸಾಧಾರಣ ಶ್ರಮದ ನಡಿಗೆ ನಮ್ಮಂಥವರಿಗೂ ಒಳ್ಳೆಯದೆಂದು ವೈದ್ಯರೇ ಹೇಳಿದ್ದಾರೆ. ನಿಯಮಿತ ಅಭ್ಯಾಸದಿಂದ ರಕ್ತನಾಳಗಳು ಸುಧಾರಿಸುತ್ತವಂತೆ. ಜಿಮ್‌ಗೆ ಹೋಗುವ ಮೊದಲು ನಿಮ್ಮ ಕಿಡ್ನಿ ವೈದ್ಯರನ್ನು ಕೇಳಿ, ಸಾಧ್ಯವಾದರೆ ನಡೆಯುವಾಗಿನ ಬಿಪಿಯನ್ನು ಅವರ ಮುಂದೆಯೇ ಅಳೆಸಿಕೊಳ್ಳಿ. ತಲೆನೋವು, ಎದೆ ಹಿಡಿತ, ಕಣ್ಣು ಮಂಜು ಕಂಡರೆ ಆ ಕ್ಷಣವೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಯಾರು “ಇನ್ನೆರಡೇ ಸಲ” ಎಂದರೂ ಕೇಳಬೇಡಿ.

ನಾನೀಗ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತೇನೆ, ಪಕ್ಕದವರೊಡನೆ ಮಾತನಾಡಲು ಆಗುವಷ್ಟೇ ವೇಗದಲ್ಲಿ.