ಎಲೆ-ಅಡಿಕೆ ಪೆಟ್ಟಿಗೆಯ ಮೂಲೆ: ರೌಟರ್‌ನಲ್ಲಿ ಮೂರು ಜಾಯಿಂಟ್

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮರದ ಪೆಟ್ಟಿಗೆ ಎಂದರೆ ಎಲ್ಲರಿಗೂ ಗುಡಿಗಾರರ ಗಂಧದ ಕೆತ್ತನೆಯೇ ನೆನಪಾಗುತ್ತದೆ. ನನ್ನ ಕೆಲಸ ಅಷ್ಟು ನಾಜೂಕಿನದಲ್ಲ. ಹಲಸು, ಸಾಗುವಾನಿಯ ಉಳಿಕೆ ತುಂಡುಗಳಲ್ಲಿ ಎಲೆ-ಅಡಿಕೆ ಪೆಟ್ಟಿಗೆ, ಕುಂಕುಮದ ಡಬ್ಬಿ ಮಾಡುತ್ತೇನೆ. ಹಲಗೆ 9 ಮಿ.ಮೀ. ದಪ್ಪ. ಕೊರೆಯುವುದು ರೌಟರ್‌ನಲ್ಲಿ, ಅಂದರೆ ಬಿಟ್ ಎಂಬ ಅಲಗನ್ನು ತಿರುಗಿಸಿ ಮರ ಕೊರೆಯುವ ಯಂತ್ರದಲ್ಲಿ. ಮೂಲೆ ಕೂಡಿಸಲು ಡವ್‌ಟೇಲ್ (ಹಕ್ಕಿಯ ಬಾಲದಂತೆ ಹರಡಿದ ಹಲ್ಲುಗಳು), ಫಿಂಗರ್ ಜಾಯಿಂಟ್ (ಬೆರಳಿನಂತೆ ಒಂದರೊಳಗೊಂದು ಕೂರುವ ನೇರ ಹಲ್ಲುಗಳು), ರ‍್ಯಾಬೆಟ್ (ತುದಿಯಲ್ಲಿ ಕೊರೆದ ಮೆಟ್ಟಿಲು) ಮೂರನ್ನೂ ಮಾಡಿ ನೋಡಿದ್ದೇನೆ.

ಡವ್‌ಟೇಲ್ ಇಲ್ಲಿಗೆ ಹೊಂದುವುದಿಲ್ಲ. ಜಿಗ್‌ನಲ್ಲಿ (ಹಲಗೆ ಹಿಡಿದು ಅಳತೆಗೆ ಸರಿಯಾಗಿ ಕೊರೆಯಲು ನೆರವಾಗುವ ಸಾಧನ) ಎರಡೂ ಹಲಗೆ ಒಟ್ಟಿಗೆ ಕೊರೆಯಬಹುದು, ನಿಜ. ಆದರೆ ಮುಂದಿನಿಂದ ಹಲ್ಲು ಕಾಣದ, ಅರ್ಧ ಮುಚ್ಚಿದ ಡವ್‌ಟೇಲ್‌ಗೆ 9 ಮಿ.ಮೀ. ಸಾಲದು. ದಪ್ಪ ಹಲಗೆ ಹಾಕಿದರೆ ಕುಂಕುಮದ ಡಬ್ಬಿ ಇಟ್ಟಿಗೆ ಹಾಗೆ ಕಾಣುತ್ತದೆ. ಮೇಜಿನ ಡ್ರಾಯರ್‌ಗಾದರೆ ಸೈ.

ಫಿಂಗರ್ ಜಾಯಿಂಟ್ ನನಗಿಷ್ಟ. ಅಂಟು ಹಿಡಿಯಲು ಜಾಸ್ತಿ ಜಾಗ ಸಿಗುತ್ತದೆ, ನೋಟವೂ ಚಂದ. ರೌಟರ್ ಟೇಬಲ್ (ರೌಟರನ್ನು ಅಡಿಗೆ ಕೂರಿಸಿ, ಬಿಟ್ ಮೇಲೆ ಚಾಚಿದ ಮೇಜು) ಮೇಲೆ ಜಾರುವ ಒಂದು ಹಲಗೆ, ಅದರಲ್ಲಿ 6 ಮಿ.ಮೀ. ಮರದ ಗೂಟ, ಅದರಿಂದ 6 ಮಿ.ಮೀ. ದೂರದಲ್ಲಿ 6 ಮಿ.ಮೀ. ಬಿಟ್. ಜಿಗ್ ಅಂದರೆ ಇಷ್ಟೇ. ಕೊರೆದ ಸಂದನ್ನು ಗೂಟಕ್ಕೆ ಕೂರಿಸಿ ಮುಂದಿನ ಸಂದು ಕೊರೆಯುವುದು. ಪ್ರಾಣ ಇರುವುದು ಆ ದೂರದಲ್ಲಿ. ಗೂಟ ಕೂದಲೆಳೆಯಷ್ಟು ಆಚೆ ಸರಿದರೆ ಬೆರಳುಗಳು ದಪ್ಪವಾಗಿ ಜಾಯಿಂಟ್ ಬಿಗಿಯಾಗುತ್ತದೆ. ಈಚೆ ಸರಿದರೆ ಸಡಿಲ. ಹಾಗಾಗಿ ಮೊದಲು ಅದೇ ಮರದ ಚೂರಿನಲ್ಲಿ ಕೊರೆದು ನೋಡಬೇಕು. ಪೆಟ್ಟಿಗೆಯ ಎತ್ತರ 66 ಮಿ.ಮೀ. ಇಟ್ಟರೆ ಬೆರಳು, ಸಂದು ಸೇರಿ 11 ಪಾಲು ಬರುತ್ತದೆ, ಮೇಲೆ ಕೆಳಗೆ ಒಂದೇ ಥರ ಮುಗಿಯುತ್ತದೆ. ಹಿಂದೆ ಒತ್ತಾಸೆಗೆ ಹಲಗೆ ಇಲ್ಲದಿದ್ದರೆ ಸಿಬಿರು ಏಳುವುದು ಖಂಡಿತ. ಸಾಗುವಾನಿ ಮರ ಬಿಟ್ಟನ್ನು ಬೇಗ ಮೊಂಡು ಮಾಡುತ್ತದೆ, ಕಾರ್ಬೈಡ್‌ನದೇ ಬೇಕು. ಇನ್ನೊಂದು ಕಿರಿಕಿರಿ ಇದೆ. ತಳದ ಹಲಗೆ ಕೂರಲು ಕೊರೆಯುವ ಗ್ರೂವ್ (ಉದ್ದದ ಕಾಲುವೆ) ತುದಿಯವರೆಗೆ ಹೊಡೆದರೆ ಮೂಲೆಯಲ್ಲಿ ತೂತು ಕಾಣುತ್ತದೆ. ತುದಿಗಿಂತ ಮೊದಲೇ ನಿಲ್ಲಿಸಬೇಕು.

ರ‍್ಯಾಬೆಟ್‌ನಲ್ಲಿ ಈ ಗೋಳಿಲ್ಲ. ಮುಂದಿನ ಹಲಗೆಯ ತುದಿಯಲ್ಲಿ 9 ಮಿ.ಮೀ. ಅಗಲ, 6 ಮಿ.ಮೀ. ಆಳದ ಮೆಟ್ಟಿಲು. ಗ್ರೂವ್ 3 ಮಿ.ಮೀ. ಆಳ ಇದ್ದರೆ ಪೂರ್ತಿ ಒಳಗೇ ಮುಚ್ಚಿಹೋಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಬೆರಳಿಗೆ. ನಮ್ಮ ಬೆರಳಿಗೆ ಹೇಳಿದ್ದು! ಅಂಗೈಯಷ್ಟು ತುಂಡನ್ನು ತಿರುಗುವ ಬಿಟ್ ಹತ್ತಿರ ಹಿಡಿಯುವುದು ಬೇಡವೇ ಬೇಡ. ಅಗಲದ ಹಲಗೆಯ ಎರಡೂ ತುದಿಗೆ ಮೊದಲು ಮೆಟ್ಟಿಲು ಹೊಡೆದು, ಆಮೇಲೆ ಪಟ್ಟಿಗಳಾಗಿ ಸೀಳುತ್ತೇನೆ. ಹಿಂದೆ ಚೌಕದ ತುಂಡು ಇಟ್ಟು, ಬಲದಿಂದ ಎಡಕ್ಕೆ, ಎರಡು ಸಲದಲ್ಲಿ. ಹಿಡಿತ ಮಾತ್ರ ಫಿಂಗರ್‌ನಷ್ಟಿಲ್ಲ. ಅಡ್ಡ ಕೊಯ್ದ ತುದಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ ಅಲ್ವಾ? ಮೂಲೆಗೆ ಎರಡೆರಡು ಬಿದಿರಿನ ಕಡ್ಡಿ ಬಡಿಯುತ್ತೇನೆ.

ಒಂದೇ ಪೆಟ್ಟಿಗೆ, ಅದೂ ಉಡುಗೊರೆಗೆ ಅಂದರೆ ಫಿಂಗರ್. ಸಾಲಾಗಿ ಡಬ್ಬಿ ಬೇಕೆಂದರೆ ರ‍್ಯಾಬೆಟ್. ಎರಡರಲ್ಲೂ ತಳದ ಹಲಗೆಗೆ ಅಂಟು ಹಾಕುವುದಿಲ್ಲ, ಗ್ರೂವ್‌ನಲ್ಲಿ ಸ್ವಲ್ಪ ಜಾಗ ಬಿಡುತ್ತೇನೆ. ನಮ್ಮ ಮಳೆಗಾಲಕ್ಕೆ ಮರ ಉಬ್ಬಿದರೆ ಎಂಥ ಜಾಯಿಂಟನ್ನೂ ಒಳಗಿನಿಂದ ತಳ್ಳಿ ಬಿಡಿಸುತ್ತದೆ.