ಟೈರ್ ರಿಮ್‌ಗೆ ಏರುವ ಮೊದಲೇ ಅದರ ಪಕ್ಕದ ನಂಬರ್ ಓದಿ

ಹೊಸದು ಅಂತ ಹೇಳಿ ನಮ್ಮ ಕಾರಿಗೆ ಹಾಕಿಕೊಟ್ಟ ನಾಲ್ಕೂ ಟೈರ್ ತಯಾರಾಗಿ ಆರು ವರ್ಷ ಆಗಿತ್ತು. ಅದು ಗೊತ್ತಾಗಿದ್ದು ಹೆದ್ದಾರಿಯಲ್ಲಿ ಒಂದು ಟೈರ್ ಕಿತ್ತುಹೋದ ಮೇಲೆ. ಟೈರ್ ಬದಲಿಸಲು ಹೊರಟವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ.

ಮೊದಲು ಸ್ಟೀರಿಂಗ್ ನಡುಗತೊಡಗಿತು. ಆಮೇಲೆ ಮುಂದಿನ ಬಲಗಡೆಯಿಂದ ದಬದಬ ಸದ್ದು. ವೇಗ ಇಳಿಸಿ ಪಕ್ಕಕ್ಕೆ ತರುವಷ್ಟರಲ್ಲಿ ಟ್ರೆಡ್‌ನ, ಅಂದ್ರೆ ರಸ್ತೆಗೆ ತಾಗುವ ರಬ್ಬರ್ ಪದರದ, ಉದ್ದನೆಯ ಪಟ್ಟಿಯೊಂದು ಕಿತ್ತು ಬಂದು ಒಳಗೆಲ್ಲ ಬಡಿಯುತ್ತಿತ್ತು. ಕಾರಿನಲ್ಲಿ ಮಕ್ಕಳಿದ್ದರು. ಯಾರಿಗೂ ಏಟಾಗಲಿಲ್ಲ, ಅದೇ ದೊಡ್ಡದು. ಆಶ್ಚರ್ಯ ಅಂದ್ರೆ ಟ್ರೆಡ್ ಸವೆದೇ ಇರಲಿಲ್ಲ.

ಮೆಕ್ಯಾನಿಕ್ ಚಕ್ರ ಬಿಚ್ಚಿ ಒಳಬದಿ ತೋರಿಸಿದರು. ಅಲ್ಲಿ ಡಿಒಟಿ (DOT) ಅನ್ನುವ ಉಬ್ಬಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಯೇ ಟೈರಿನ ಜಾತಕ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 3517 ಇತ್ತು. ಅಂದ್ರೆ 2017ರ 35ನೇ ವಾರ, ಆಗಸ್ಟ್ ಕೊನೆ. ನಾವು ದುಡ್ಡು ಕೊಟ್ಟಿದ್ದು 2023ರಲ್ಲಿ.

ಇದು ಹೊರಗಿನಿಂದ ಯಾಕೆ ಕಾಣಲಿಲ್ಲ? ತಾರೀಕಿರುವ ಪೂರ್ತಿ ಸಾಲು ಬಹಳಷ್ಟು ಟೈರ್‌ಗಳಲ್ಲಿ ಒಂದೇ ಪಕ್ಕದಲ್ಲಿರುತ್ತದೆ. ಇನ್ನೊಂದು ಪಕ್ಕದಲ್ಲಿ ಅರ್ಧ ಸಾಲು ಮಾತ್ರ, ತಾರೀಕಿಲ್ಲ. ಆ ಪಕ್ಕವನ್ನು ಹೊರಗೆ ಮಾಡಿ ಕೂರಿಸಿದರೆ ಮುಗೀತು, ಕಾರಿನ ಅಡಿಗೆ ಹೋಗಿ ನೋಡದ ಹೊರತು ಕಾಣುವುದಿಲ್ಲ. ತಾರೀಕು ಒಳಗಿದ್ದ ಮಾತ್ರಕ್ಕೆ ಎಲ್ಲವೂ ಮೋಸ ಅಂತ ಅಲ್ಲ. ತಿರುಗುವ ದಿಕ್ಕಿನ ಬಾಣದ ಗುರುತು ಅಥವಾ ಹೊರಬದಿ ಇದು ಅನ್ನುವ ಗುರುತು ಇದ್ದರೆ ಆ ಪ್ರಕಾರವೇ ಹಾಕಬೇಕು. ಆದರೆ ನಮ್ಮ ಟೈರ್‌ಗಳಲ್ಲಿ ಅಂಥ ಗುರುತು ಇರಲಿಲ್ಲ. ನಾಲ್ಕಕ್ಕೆ ನಾಲ್ಕೂ ಒಳಮುಖ. ಇದನ್ನು ಆಕಸ್ಮಿಕ ಅಂತ ನಾನು ನಂಬುವುದಿಲ್ಲ.

ಓಡಿಸದಿದ್ದರೂ ರಬ್ಬರ್ ಹಳತಾಗುತ್ತದೆ. ಗಾಳಿ, ಬಿಸಿಲು, ಸೆಕೆ ಎಲ್ಲ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಒಳಗಿನ ಉಕ್ಕಿನ ತಂತಿ ಪದರಕ್ಕೂ ಟ್ರೆಡ್‌ಗೂ ಇರುವ ಹಿಡಿತ ಸಡಿಲವಾಗುತ್ತದೆ. ಹೊಸ ಟೈರಿನ ಮೇಲಿರುವ ಸಣ್ಣ ರಬ್ಬರ್ ಕೂದಲು ನೋಡಿ ಮೋಸಹೋಗಬೇಡಿ. ಅವು ಟೈರ್ ರಸ್ತೆಗೆ ಇಳಿದಿಲ್ಲ ಅಂತಷ್ಟೇ ಹೇಳುತ್ತವೆ, ವಯಸ್ಸು ಹೇಳುವುದಿಲ್ಲ. ಕಪ್ಪು ಪಾಲಿಶ್ ಹಚ್ಚಿದ್ದರೆ ಬಟ್ಟೆಯಿಂದ ಒರೆಸಿ, ಪಕ್ಕವನ್ನು ಬೆರಳಿನಿಂದ ಒತ್ತಿ ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಬೇಡ ಅನ್ನಿ. ಹತ್ತು ವರ್ಷ ಆದ ಟೈರನ್ನು ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಬಿಡಿ ಅಂತ ಹಲವು ಟೈರ್ ಕಂಪನಿಗಳೇ ಹೇಳುತ್ತವೆ. ಅದರಲ್ಲಿ ಆರು ವರ್ಷ ನಮಗೆ ಸಿಗುವ ಮೊದಲೇ ಕಳೆದುಹೋಗಿತ್ತು!

ಇನ್ನೊಂದು ಸಂಗತಿಯೂ ಆಗಲೇ ಹೊರಬಿತ್ತು. ನಮ್ಮ ಕಾರಿನ ಅಳತೆ 185/65 ಆರ್15 88ಎಚ್. ಚಾಲಕನ ಬಾಗಿಲು ತೆಗೆದರೆ ಅಂಟಿಸಿರುವ ಚೀಟಿಯಲ್ಲೇ ಇದೆ. ಅಂಗಡಿಯವರು ಹಾಕಿದ್ದು 185/60 ಆರ್15 84ಟಿ. ಕೇಳಿದಾಗ ಎರಡೂ ಹದಿನೈದು ಇಂಚಿನ ರಿಮ್‌ಗೆ ಕೂರುತ್ತದೆ, ಏನೂ ವ್ಯತ್ಯಾಸವಿಲ್ಲ ಅಂದರು. ವ್ಯತ್ಯಾಸ ಇದೆ. 185 ಅಂದ್ರೆ ಅಗಲ, ಮಿಲಿಮೀಟರ್‌ನಲ್ಲಿ. ಮುಂದಿನ 65 ಅಥವಾ 60, ಟೈರಿನ ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು. ಲೆಕ್ಕ ಹಾಕಿದರೆ ನಮ್ಮ ಟೈರಿನ ವ್ಯಾಸ 18 ಮಿಲಿಮೀಟರ್‌ಗೂ ಜಾಸ್ತಿ ಕಡಿಮೆಯಾಗಿತ್ತು, ಹತ್ತಿರ ಹತ್ತಿರ ಶೇಕಡಾ 3. ಮೊದಲು ಸರಿಯಾಗಿದ್ದ ಮೀಟರ್ ಈಗ 100 ತೋರಿಸಿದರೆ ಕಾರು ಓಡುವುದು 97ರಲ್ಲಿ.

ಅದಕ್ಕಿಂತ ನನಗೆ ಸಿಟ್ಟು ಬಂದಿದ್ದು 88 ಮತ್ತು 84 ನೋಡಿ. ಅದು ಟೈರ್ ಹೊರಬಲ್ಲ ಭಾರದ ಸಂಕೇತ. 88ಕ್ಕೆ 560 ಕೆಜಿ, 84ಕ್ಕೆ 500. ಒಂದೊಂದು ಟೈರಿನಲ್ಲೂ 60 ಕೆಜಿ ಖೋತಾ. ಕುಟುಂಬ, ಸಾಮಾನು ತುಂಬಿಕೊಂಡು ಹೋಗುವ ಕಾರಿಗೆ ಇದನ್ನು ಹಾಕಬಹುದಾ? ಕೊನೆಯ ಅಕ್ಷರ ವೇಗದ ಮಿತಿ: ಎಚ್ ಅಂದ್ರೆ ಗಂಟೆಗೆ 210 ಕಿಲೋಮೀಟರ್, ಟಿ ಅಂದ್ರೆ 190. ಅಷ್ಟು ವೇಗ ಯಾರೂ ಹೋಗಲ್ಲ, ಸರಿ. ಆದರೂ ಆ ಅಕ್ಷರ ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದಕ್ಕೂ ಸೇರಿದ್ದು. ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಇಳಿಯಬೇಡಿ.

ಅಂಗಡಿಯವರು ಟೈರ್ ಬದಲಿಸಿ ಕೊಡಲಿಲ್ಲ. ಬಿಲ್‌ನಲ್ಲಿ ಇದ್ದದ್ದು ಟೈರ್ 4 ಅಂತ ಮಾತ್ರ. ಯಾವ ಅಳತೆ, ಯಾವ ತಾರೀಕು, ಏನೂ ಇಲ್ಲ. ಹಾಗಾಗಿ ಅಳತೆ, ಭಾರದ ಸಂಕೇತ, ಆ ನಾಲ್ಕು ಅಂಕಿ ಇಷ್ಟನ್ನೂ ಬಿಲ್‌ನಲ್ಲೇ ಬರೆಸಿಕೊಳ್ಳಿ. ಒಂದೊಂದು ಟೈರನ್ನೂ ಬೇರೆ ಬೇರೆಯಾಗಿ ನೋಡಿ, ನಾಲ್ಕರಲ್ಲಿ ಒಂದು ಹಳೆಯದು ಸೇರಿಸುವವರೂ ಇದ್ದಾರೆ. ಫೋಟೋ ತೆಗೆದುಕೊಂಡ ಮೇಲೆಯೇ ರಿಮ್‌ಗೆ ಏರಿಸಲು ಹೇಳಿ. ಬೇಸರ ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ಗಾಳಿ ಹಾಕಿಸುವಾಗಲೂ ಬಾಗಿಲಿನ ಚೀಟಿಯನ್ನೇ ನೋಡಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ದಿನಾ ಹಾಕಿಸುವ ಲೆಕ್ಕವಲ್ಲ. ಎರಡೇ ಟೈರ್ ಬದಲಿಸುವುದಾದರೆ ಹೊಸವು ಹಿಂದೆ ಇರಲಿ, ಯಾಕಂದ್ರೆ ಮಳೆಯಲ್ಲಿ ಹಿಂಬದಿ ಜಾರಿದರೆ ಕಾರನ್ನು ಹಿಡಿಯುವುದು ಬಹಳ ಕಷ್ಟ.

ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿಯ ನಾಲ್ಕು ಅಂಕಿಯನ್ನೂ ಓದಿಬಿಡಿ. ಸುಮ್ನೆ ಬಿದ್ದಿರುವ ಅದರ ವಯಸ್ಸೂ ಓಡುತ್ತಿರುತ್ತದೆ.