ಸೋಮವಾರದ ಒಂದೂವರೆ ಗಂಟೆ: ಜರ್ಮನಿಯ ಜಿಲ್ಲಾ ಫುಟ್‌ಬಾಲ್ ತರಬೇತಿ, ಆರೂವರೆ ವರ್ಷದ ಅನುಭವ

ನಾವು ಮೂಲತಃ ಬೆಂಗಳೂರಿನ ಹಲಸೂರಿನವರು. ಕೆಲಸದ ನಿಮಿತ್ತ 2018ರಿಂದ ಜರ್ಮನಿಯಲ್ಲಿದ್ದೇವೆ. ಮನೆ ಸ್ಟುಟ್‌ಗಾರ್ಟ್‌ಗೆ ಅಂಟಿಕೊಂಡಿರುವ ಬೋಬ್ಲಿಂಗೆನ್ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಮಗಳನ್ನು 2019ರಲ್ಲಿ ಊರಿನ ಕ್ಲಬ್ಬಿಗೆ ಸೇರಿಸಿದೆವು. ಈಗ ಅವಳಿಗೆ ಹದಿಮೂರು ವರ್ಷ. ಇಷ್ಟರಲ್ಲಿ ಒಂದು ವರ್ಷ ದೊಡ್ಡ ಕ್ಲಬ್ಬೊಂದರಲ್ಲಿದ್ದು ವಾಪಸ್ ಬಂದಿದ್ದಾಳೆ, ಒಂದೂವರೆ ವರ್ಷದಿಂದ ಜಿಲ್ಲೆಯ ಪ್ರತಿಭಾ ಕೇಂದ್ರಕ್ಕೂ ಹೋಗುತ್ತಿದ್ದಾಳೆ. ಹೊಸದಾಗಿ ಬರುವ ಕನ್ನಡದ ಕುಟುಂಬಗಳು ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಯಾವ ಕ್ಲಬ್ಬಿಗೆ ಹಾಕಿದರೆ ಸೆಲೆಕ್ಷನ್ ಆಗುತ್ತೆ?’ ಪ್ರತಿ ಸಲ ಫೋನಿನಲ್ಲಿ ಅರ್ಧ ಹೇಳಿ ಬಿಡುತ್ತೇನೆ. ಪೂರ್ತಿ ಇಲ್ಲಿ ಬರೆದಿದ್ದೇನೆ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ಇಲ್ಲಿ ಫುಟ್‌ಬಾಲ್ ಶಾಲೆಯ ಕೈಯಲ್ಲಿಲ್ಲ, ಊರಿನ ಕ್ಲಬ್ಬಿನ ಕೈಯಲ್ಲಿದೆ. ಇದನ್ನು ‘ಫೆರಾಯಿನ್’ ಅನ್ನುತ್ತಾರೆ; ನಮ್ಮ ಕಡೆಯ ಸಂಘದ ಹಾಗೆ, ಸದಸ್ಯರೇ ನಡೆಸುವುದು. ನಾವು ವರ್ಷಕ್ಕೆ ಕಟ್ಟುವುದು 110 ಯೂರೋ. ಕೋಚ್‌ಗಳಲ್ಲಿ ಹೆಚ್ಚಿನವರು ಯಾರದ್ದೋ ಅಪ್ಪ, ಅಮ್ಮ, ಇಲ್ಲವೇ ಅದೇ ಕ್ಲಬ್ಬಿನಲ್ಲಿ ಆಡಿ ಬೆಳೆದವರು. ಮಕ್ಕಳನ್ನು ಹುಟ್ಟಿದ ವರ್ಷದ ಮೇಲೆ ಎರಡೆರಡು ವರ್ಷದ ಗುಂಪು ಮಾಡುತ್ತಾರೆ: ಚಿಕ್ಕವರ ಎಫ್‌ನಿಂದ ಇ, ಡಿ, ಸಿ, ಹೀಗೆ ದೊಡ್ಡವರ ಎ ವರೆಗೆ. ಜೆರ್ಸಿ ಒಗೆಯುವುದಕ್ಕೆ ಪೋಷಕರ ಸರದಿ ಇರುತ್ತದೆ. ನಮ್ಮ ಸರದಿ ಬಂದ ವಾರ ಬಾಲ್ಕನಿಯ ತುಂಬ ಹದಿನಾಲ್ಕು ಕೆಂಪು ಜೆರ್ಸಿ ನೇತಾಡುತ್ತಿರುತ್ತವೆ. ಈ ಕೆಲಸದಿಂದ ತಪ್ಪಿಸಿಕೊಳ್ಳಬೇಡಿ. ಊರಿನವರ ಪರಿಚಯ ಆಗುವುದೇ ಅಲ್ಲಿ.

ಇದರ ಮೇಲೆ ಎರಡು ಮೆಟ್ಟಿಲಿದೆ. ತುದಿಯಲ್ಲಿರುವುದು ದೇಶದ ಅತಿ ಮೇಲಿನ ಲೀಗ್ ಆದ ಬುಂಡೆಸ್‌ಲೀಗಾದ ಕ್ಲಬ್ಬುಗಳ ಯುವ ಅಕಾಡೆಮಿ. ನಮಗೆ ಹತ್ತಿರದ್ದು ಬಾಡ್ ಕಾನ್‌ಸ್ಟಾಟ್‌ನಲ್ಲಿರುವ ಫಾವ್‌ಎಫ್‌ಬೇ ಸ್ಟುಟ್‌ಗಾರ್ಟ್‌ನದು. ನಡುವಿನ ಮೆಟ್ಟಿಲು ಜರ್ಮನ್ ಫುಟ್‌ಬಾಲ್ ಸಂಸ್ಥೆ ಡಿಎಫ್‌ಬಿ ನಡೆಸುವ ‘ಷ್ಟ್ಯೂಟ್ಸ್‌ಪುಂಕ್ಟ್’, ಅಂದರೆ ಪ್ರತಿಭಾ ಕೇಂದ್ರ. 2000ದ ಯೂರೋ ಕಪ್‌ನಲ್ಲಿ ಜರ್ಮನಿ ಒಂದೇ ಒಂದು ಗೋಲು ಹೊಡೆದು ತನ್ನ ಗುಂಪಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದಿತ್ತು. ಆ ಪೆಟ್ಟಿನ ನಂತರ 2002ರಲ್ಲಿ ಈ ಕೇಂದ್ರಗಳು ಶುರುವಾದವು. ದೊಡ್ಡ ನಗರದ ಮಕ್ಕಳು ಹೇಗಾದರೂ ಯಾರದ್ದಾದರೂ ಕಣ್ಣಿಗೆ ಬೀಳುತ್ತಾರೆ, ಹಳ್ಳಿಯ ಮಗು ಬೀಳುವುದಿಲ್ಲ ಎಂಬುದು ಹಿಂದಿದ್ದ ಚಿಂತೆ. ಜರ್ಮನಿ ತಂಡದ ಆಟಗಾರ ಯೋಶುವಾ ಕಿಮ್ಮಿಶ್ ಆಡಲು ಕಲಿತದ್ದು ಇದೇ ರಾಜ್ಯದ ಬೋಸಿಂಗೆನ್ ಎಂಬ ಹಳ್ಳಿಯ ಕ್ಲಬ್ಬಿನಲ್ಲಿ.

ಕೇಂದ್ರಕ್ಕೆ ಹೋದರೆ ಮಗು ತನ್ನ ಕ್ಲಬ್ ಬಿಡಬೇಕಾಗಿಲ್ಲ. ಮಂಗಳವಾರ, ಗುರುವಾರ ಊರಿನ ಕ್ಲಬ್ಬಿನಲ್ಲಿ ಅಭ್ಯಾಸ, ಶನಿವಾರ ಅದೇ ಕ್ಲಬ್ಬಿಗೆ ಪಂದ್ಯ. ಸೋಮವಾರ ಸಂಜೆ ಮಾತ್ರ ಜಿಲ್ಲೆಯ ಬೇರೆ ಬೇರೆ ಕ್ಲಬ್ಬಿನಿಂದ ಆಯ್ದ ಮಕ್ಕಳು ಒಂದೇ ಮೈದಾನದಲ್ಲಿ ಸೇರುತ್ತಾರೆ. ಫೀಸು ಇಲ್ಲ. ಸುಮಾರು ಹನ್ನೊಂದರಿಂದ ಹದಿನೈದು ವರ್ಷದೊಳಗಿನವರು. ಕಲಿಸುವವರು ಲೈಸೆನ್ಸ್ ಪಡೆದ ಕೋಚ್‌ಗಳು. ಅವರು ಊರಿನ ಕ್ಲಬ್ಬುಗಳ ಕೋಚ್‌ಗಳಿಗೂ ಆಗಾಗ ಸಂಜೆ ಹೊತ್ತು ಪಾಠ ಮಾಡುತ್ತಾರೆ, ಹಾಗಾಗಿ ಆಯ್ಕೆಯಾಗದ ಮಕ್ಕಳಿಗೂ ಅದರ ಲಾಭ ಮುಟ್ಟುತ್ತದೆ.

ಇದೆಲ್ಲ ಗೊತ್ತಿಲ್ಲದೆ ನಾವು ಮಾಡಿದ ತಪ್ಪು ಈಗ ಹೇಳುತ್ತೇನೆ. 2023ರ ವಸಂತದಲ್ಲಿ ಈ ಕೇಂದ್ರದ ಆಯ್ಕೆ ಶಿಬಿರ ನಡೆಯಿತು. ಮಗಳು ಆಯ್ಕೆಯಾಗಲಿಲ್ಲ. ಸಿಇಟಿಯಲ್ಲಿ ರ‍್ಯಾಂಕ್ ತಪ್ಪಿದ ಹಾಗೆ ಮನೆಯಲ್ಲಿ ಮೌನ. ಅದೇ ಹೊತ್ತಿಗೆ ಪಕ್ಕದ ಜಿಲ್ಲೆಯ ದೊಡ್ಡ ಕ್ಲಬ್ಬೊಂದರಿಂದ ಕರೆ ಬಂತು: ಒಂದು ಪಂದ್ಯ ನೋಡಿದ್ದೇವೆ, ಟ್ರಯಲ್‌ಗೆ ಕಳಿಸಿ, ನಮ್ಮದು ‘ಲೈಸ್ಟುಂಗ್ಸ್‌ಟೀಮ್’, ಸಾಧಕರ ತಂಡ. ನಾವು ಹಿಂದೆ ಮುಂದೆ ನೋಡದೆ ಜೂನ್ 30ರೊಳಗೆ ಊರಿನ ಕ್ಲಬ್ಬಿಗೆ ರಾಜೀನಾಮೆ ಕೊಟ್ಟೆವು. ಕ್ಲಬ್ ಬದಲಿಸುವುದಕ್ಕೆ ಗಡುವು ಅದೇ ದಿನ. ಅಲ್ಲಿಂದ ವಾರಕ್ಕೆ ಮೂರು ದಿನ, ಹೋಗಿ ಬರಲು 70 ಕಿಲೋಮೀಟರ್. ಹೋಂವರ್ಕ್ ಕಾರಿನಲ್ಲಿ, ಊಟ ಡಬ್ಬಿಯಲ್ಲಿ. ಡಿ ಗುಂಪಿನ ಪಂದ್ಯ ಅರ್ಧಕ್ಕೆ 30 ನಿಮಿಷದಂತೆ ಒಟ್ಟು 60 ನಿಮಿಷ. ಅದರಲ್ಲಿ ಅವಳಿಗೆ ಸಿಗುತ್ತಿದ್ದದ್ದು ಕೊನೆಯ ಎಂಟೋ ಹತ್ತೋ ನಿಮಿಷ. ಕೆಲವು ಶನಿವಾರ ಅದೂ ಇಲ್ಲ. ಡಿಸೆಂಬರಿನ ಒಂದು ಪಂದ್ಯದಲ್ಲಿ ಅವಳು ಇಡೀ ಹೊತ್ತು ಬೆಂಚಿನಲ್ಲಿ ಕೂತು ಶೂ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು. ಬೂಟಿಗೆ ಮಣ್ಣೇ ಅಂಟಿರಲಿಲ್ಲ. ಕಾರಣ ಕೇಳಿದರೆ ‘ದೇಹಬಲ ಸಾಲದು’ ಅಂದರು. ಅದು ಕರೆದಾಗಲೇ ಕಾಣುತ್ತಿರಲಿಲ್ಲವೇ? ಹನ್ನೊಂದು ವರ್ಷದ ಮಗುವನ್ನು ಊರಿನ ತಂಡದಿಂದ ಎಬ್ಬಿಸಿ ತಂದು, ಆಡಿಸದೆ ಕೂರಿಸುವುದಕ್ಕೆ ನಾನು ತರಬೇತಿ ಅನ್ನುವುದಿಲ್ಲ. ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

2024ರ ಜೂನ್‌ನಲ್ಲಿ ಹಳೆಯ ಕ್ಲಬ್ಬಿಗೇ ವಾಪಸ್ ಬಂದೆವು. ಯಾರೂ ಒಂದು ಮಾತೂ ಆಡಲಿಲ್ಲ. ಕೋಚ್ ಅವಳ ಹಳೆಯ ಏಳನೇ ನಂಬರಿನ ಜೆರ್ಸಿ ಕೈಗೆ ಕೊಟ್ಟರು, ಅಷ್ಟೆ. ಆ ಶರತ್ಕಾಲದಲ್ಲಿ ಪ್ರತಿ ಶನಿವಾರ ಪೂರ್ತಿ 60 ನಿಮಿಷ ಆಡಿದಳು. ಕೇಂದ್ರದ ಕೋಚ್ ಒಬ್ಬರು ಎದುರಾಳಿ ತಂಡದ ಹುಡುಗನನ್ನು ನೋಡಲು ಬಂದವರು ಇವಳನ್ನೂ ಬರೆದುಕೊಂಡು ಹೋದರು. ಎರಡು ವಾರಕ್ಕೆ ಪತ್ರ ಬಂತು. ಶಿಬಿರದ ಒಂದು ದಿನ ತಪ್ಪಿದರೆ ಬಾಗಿಲು ಮುಚ್ಚಿತು ಅಂತ ನಾವು ಅಂದುಕೊಂಡಿದ್ದೆವು. ಹಾಗಿಲ್ಲ, ನಡುವೆ ಕೂಡ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ.

ಸೋಮವಾರ ಏನು ಕಲಿಸುತ್ತಾರೆ? ಮೊದಲ ತಿಂಗಳು ನಾನು ಬೇಲಿಯ ಪಕ್ಕ ನಿಂತು ನೋಡಿದ್ದು ಒಂದೇ ವಿಷಯ. ಒಬ್ಬ ಹುಡುಗ ಚೆಂಡು ಪಾಸ್ ಮಾಡುತ್ತಾನೆ. ಚೆಂಡು ಇವಳ ಕಾಲಿಗೆ ಬರುವ ಮೊದಲು, ಹಿಂದೆ ನಿಂತ ಕೋಚ್ ಬೆರಳು ಎತ್ತಿ ಹಿಡಿಯುತ್ತಾರೆ. ಇವಳು ಕತ್ತು ತಿರುಗಿಸಿ ನೋಡಿ ಎಷ್ಟು ಬೆರಳು ಅಂತ ಕೂಗಬೇಕು, ಆಮೇಲೆ ಚೆಂಡು ಮುಟ್ಟಬೇಕು. ಇದಕ್ಕೆ ‘ಶುಲ್ಟರ್‌ಬ್ಲಿಕ್’ ಅನ್ನುತ್ತಾರೆ, ಭುಜದ ಮೇಲಿಂದ ಹಾಯಿಸುವ ನೋಟ. ನಾನು ಇಲ್ಲಿ ಕಾರಿನ ಲೈಸೆನ್ಸ್ ಮಾಡಿಸುವಾಗ ಇದೇ ಪದವನ್ನು ನೂರು ಸಲ ಕೇಳಿದ್ದೆ. ಮೊದಲು ಚೆಂಡು ನೋಡುತ್ತಾ ಆಡುತ್ತಿದ್ದ ಮಗಳು ಮೂರು ತಿಂಗಳಲ್ಲಿ ಮೈದಾನ ನೋಡುತ್ತಾ ಆಡತೊಡಗಿದಳು. ಶನಿವಾರದ ಪಂದ್ಯದಲ್ಲಿ ಆ ವ್ಯತ್ಯಾಸ ನನ್ನಂಥವನ ಕಣ್ಣಿಗೂ ಕಂಡಿತು. ಮಕ್ಕಳು ಕೋಚ್‌ನ ಹೆಸರು ಹಿಡಿದು ಏಕವಚನದಲ್ಲೇ ಮಾತಾಡುತ್ತಾರೆ. ಒಮ್ಮೆ ವಿಡಿಯೋ ಕಾಲ್‌ನಲ್ಲಿ ಅದು ನನ್ನ ಅಮ್ಮನ ಕಿವಿಗೆ ಬಿದ್ದು ‘ಸರ್ ಅನ್ನಬೇಕು ಪುಟ್ಟಿ’ ಅಂದರು. ನನಗೆ ಮಾತ್ರ ಈ ಸಲಿಗೆ ಹಿಡಿಸಿದೆ. ಅರ್ಥವಾಗದಿದ್ದರೆ ಮಗು ಅಲ್ಲೇ ಕೇಳುತ್ತದೆ.

ವರ್ಷಕ್ಕೆ ಎರಡು ಸಲ ಅಳತೆ ಪರೀಕ್ಷೆ ಇದೆ: 20 ಮೀಟರ್ ಓಟ, ತಿರುವಿನ ಓಟ, ಡ್ರಿಬಲ್, ಚೆಂಡಿನ ನಿಯಂತ್ರಣ, ಗೋಲಿಗೆ ಹೊಡೆತ, ಚೆಂಡನ್ನು ನೆಲಕ್ಕೆ ಬಿಡದೆ ಕಾಲಲ್ಲಿ ಚಿಮ್ಮಿಸುವುದು. ಹಾಳೆಯಲ್ಲಿ ಬಂದ ಅಂಕಿಯನ್ನು ಪಕ್ಕದ ಮಗುವಿನದರ ಜೊತೆ ಹೋಲಿಸುವುದಕ್ಕಿಂತ ಆರು ತಿಂಗಳ ಹಿಂದಿನ ಅವಳದೇ ಅಂಕಿಯ ಜೊತೆ ಹೋಲಿಸಿ ಅಂತ ಕೋಚ್ ಹೇಳಿದರು. ಹಾಗೇ ಮಾಡುತ್ತಿದ್ದೇವೆ.

ಕೊರತೆಗಳೂ ಇವೆ. ದೊಡ್ಡದು ಹುಟ್ಟಿದ ತಿಂಗಳಿನದು. ವಯಸ್ಸಿನ ಗುಂಪು ಜನವರಿ 1ರಿಂದ ಶುರುವಾಗುತ್ತದೆ. ಮಗಳು ನವೆಂಬರಿನವಳು. ಅದೇ ವರ್ಷದ ಜನವರಿಯಲ್ಲಿ ಹುಟ್ಟಿದ ಹುಡುಗ ಅವಳಿಗಿಂತ ಹತ್ತು ತಿಂಗಳು ದೊಡ್ಡವನು. ಹನ್ನೊಂದನೇ ವಯಸ್ಸಿನಲ್ಲಿ ಹತ್ತು ತಿಂಗಳು ಅಂದರೆ ಒಂದು ಗೇಣು ಎತ್ತರ, ಒಂದು ಹೆಜ್ಜೆ ವೇಗ. ಹಲವು ದೇಶಗಳ ಯುವ ಆಯ್ಕೆಯಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಸಿಗುತ್ತಾರೆ ಎಂಬುದು ಹಳೆಯ ವಿಷಯ, ಇಲ್ಲೂ ಅದು ಹೋಗಿಲ್ಲ. ಮುಂದೆ ಜರ್ಮನಿ ತಂಡಕ್ಕೆ ಆಡಿದ ಮಾರ್ಕೊ ರಾಯ್ಸ್‌ನಂಥ ಆಟಗಾರನೇ ಹುಡುಗನಾಗಿದ್ದಾಗ ಮೈಕಟ್ಟು ಸಾಲದೆ ದೊಡ್ಡ ಡಾರ್ಟ್‌ಮುಂಡ್ ಕ್ಲಬ್ ಬಿಟ್ಟು ಸಣ್ಣ ಆಹ್ಲೆನ್ ಕ್ಲಬ್ಬಿಗೆ ಹೋಗಿದ್ದ.

ಎರಡನೆಯದು ಹೆಣ್ಣುಮಕ್ಕಳ ವಿಷಯ. ಬಿ ಗುಂಪಿನವರೆಗೂ ಹುಡುಗರ ಜೊತೆ ಆಡಲು ನಿಯಮವೇ ಬಿಡುತ್ತದೆ, ಇದು ನಿಜಕ್ಕೂ ಒಳ್ಳೆಯದು. ಆದರೂ ಸೋಮವಾರದ ಇಪ್ಪತ್ತೆರಡು ಮಕ್ಕಳಲ್ಲಿ ಹುಡುಗಿಯರು ಮೂವರೇ. ಮತ್ತೊಂದು, ಎಲ್ಲವೂ ಊರಿನ ಕೋಚ್ ಮೇಲೆ ನಿಂತಿದೆ. ಅವರು ಹೆಸರು ಕಳಿಸದಿದ್ದರೆ ನೋಡಲು ಬರುವವರು ಕಡಿಮೆ. ಭಾಷೆ ಬಾರದ ಪೋಷಕರಿಗೆ ಹೆಸರು ಕಳಿಸಿ ಅಂತ ಕೇಳಬಹುದು ಎಂಬುದೇ ಗೊತ್ತಿರುವುದಿಲ್ಲ. ಕೇಳಬಹುದು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಚಿಕ್ಕ ಮಕ್ಕಳ ಪೋಷಕರಿಗೆ ಒಂದು ಮಾತು. 2024–25ರ ಸೀಸನ್‌ನಿಂದ ದೇಶದಾದ್ಯಂತ ಮಕ್ಕಳ ಆಟದ ರೂಪವೇ ಬದಲಾಗಿದೆ. ಎಫ್ ಗುಂಪಿನವರೆಗೆ ಇಬ್ಬಿಬ್ಬರು, ಮೂವರು ಮೂವರು ಸಣ್ಣ ಸಣ್ಣ ಗೋಲಿಗೆ ಆಡುತ್ತಾರೆ. ಪಾಯಿಂಟ್ ಪಟ್ಟಿ ಇಲ್ಲ. ‘ಇದೇನು ಆಟ?’ ಅಂತ ಮೂಗು ಮುರಿದವರನ್ನು ನೋಡಿದ್ದೇನೆ. ನನಗಂತೂ ಚಿಕ್ಕಂದಿನಲ್ಲಿ ನೋಡಿದ ಗೌತಮಪುರದ ಗಲ್ಲಿಯೇ ನೆನಪಾಯಿತು, ಈಗ ಪೆಲೆ ಪ್ರತಿಮೆ ನಿಂತಿರುವ ಅದೇ ಗೌತಮಪುರ. ಅಲ್ಲೂ ಹುಡುಗರು ಮೂವರು ಮೂವರಾಗಿ ಆಡುತ್ತಿದ್ದರು, ಎಲ್ಲರ ಕಾಲಿಗೂ ಚೆಂಡು ಸಿಗುತ್ತಿತ್ತು.

ಹಾಗಾಗಿ ಫೋನ್ ಮಾಡುವವರಿಗೆ ನನ್ನ ಉತ್ತರ: ನಡೆದು ಹೋಗುವಷ್ಟು ದೂರದ ಕ್ಲಬ್ಬಿಗೆ ಸೇರಿಸಿ, ಶನಿವಾರ ಮಗು ಎಷ್ಟು ನಿಮಿಷ ಆಡಿತು ಅಂತ ಬರೆದಿಡಿ. ದೊಡ್ಡ ಕ್ಲಬ್ಬಿನ ಕರೆ ಬಂದರೆ ಜೂನ್ 30ರ ಗಡುವಿಗೆ ಹೆದರಿ ಸಹಿ ಹಾಕಬೇಡಿ. ಈಗಿರುವ ತಂಡದ ಮಕ್ಕಳಲ್ಲಿ ಹಿಂದಿನ ವರ್ಷ ಹೊಸದಾಗಿ ಬಂದವರು ಎಷ್ಟು ಆಡಿದರು ಅಂತ ಅವರ ಅಪ್ಪ ಅಮ್ಮಂದಿರನ್ನೇ ಕೇಳಿ. ನಾವು ಅದೊಂದನ್ನು ಕೇಳಿದ್ದರೆ ಮಗಳ ಆ ಒಂದು ವರ್ಷ ಉಳಿಯುತ್ತಿತ್ತು.